ಕಾಲು ಒಂದು ನಾಡಿನದು, ಬಾವುಟ ಇನ್ನೊಂದರದು

2024ರ ಆಗಸ್ಟ್ 6ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ 3000 ಮೀಟರ್ ಸ್ಟೀಪಲ್‌ಚೇಸ್ ಓಟದಲ್ಲಿ ಪುಟ್ಟ ದ್ವೀಪರಾಷ್ಟ್ರವಾದ ಬಹ್ರೈನಿಗೆ ಚಿನ್ನದ ಪದಕ ದೊರೆಯಿತು. 28 ತಡೆಗಳನ್ನೂ 7 ಸಲ ನೀರಿನ ಹೊಂಡವನ್ನೂ ದಾಟಿ ಓಡಬೇಕಾದ ಈ ಕಠಿಣ ಸ್ಪರ್ಧೆಯನ್ನು 8 ನಿಮಿಷ 52.76 ಸೆಕೆಂಡುಗಳಲ್ಲಿ ಮುಗಿಸಿ ಒಲಿಂಪಿಕ್ ದಾಖಲೆ ಸ್ಥಾಪಿಸಿದ ವಿನ್‌ಫ್ರೆಡ್ ಯಾವಿ ಹುಟ್ಟಿ ಬೆಳೆದದ್ದು ಕೀನ್ಯಾ ದೇಶದಲ್ಲಿ. ಅಂದು ಬೆಳ್ಳಿ ಉಗಾಂಡದ ಪೆರುತ್ ಚೆಮುಟಾಯ್ ಅವರಿಗೆ, ಕಂಚು ಕೀನ್ಯಾದ ಫೇತ್ ಚೆರೋಟಿಚ್ ಅವರಿಗೆ. ಮೂವರೂ ಪೂರ್ವ ಆಫ್ರಿಕದವರೇ. ಆದರೆ ಮೊಳಗಿದ ರಾಷ್ಟ್ರಗೀತೆ ಮಾತ್ರ ಅರಬ್ಬೀ ಭಾಷೆಯದು. ಮರುವರ್ಷ, 2025ರ ಸೆಪ್ಟೆಂಬರಿನಲ್ಲಿ, ಟೋಕಿಯೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚೆರೋಟಿಚ್ ಚಿನ್ನ ಗೆದ್ದರು, ಯಾವಿ ಬೆಳ್ಳಿಗೆ ಇಳಿದರು. ಹುಟ್ಟಿದ ನಾಡೂ ಸೇರಿದ ನಾಡೂ ಹೀಗೆ ಒಂದೇ ಪದಕಕ್ಕಾಗಿ ಸೆಣಸುವುದು ಈಗ ಜಗತ್ತಿನ ಕ್ರೀಡಾಂಗಣಗಳಲ್ಲಿ ನಿತ್ಯದ ನೋಟವಾಗಿದೆ.

ಇದನ್ನು ಕಂಡವರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಆಡಿ ಮುಗಿಸುತ್ತಾರೆ. ಹಣಕ್ಕಾಗಿ ತಾಯ್ನಾಡನ್ನು ಮಾರಿಕೊಂಡರು ಎಂಬುದು ಒಂದು. ಹೊಟ್ಟೆಪಾಡಿಗೆ ಹೋದವರನ್ನು ದೂರಬೇಡಿ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯದ ಅಂಶವಿದೆ, ಆದರೆ ಎರಡೂ ಪೂರ್ಣ ಸತ್ಯವಲ್ಲ. ನಮ್ಮ ಜಿಲ್ಲೆಯಲ್ಲಿ ಕೊಲ್ಲಿ ರಾಷ್ಟ್ರಗಳ ನಂಟು ಇಲ್ಲದ ಊರು ಅಪರೂಪ. ಪಾಸ್‌ಪೋರ್ಟು, ವೀಸಾ, ಕರಾರು ಎಂಬ ಪದಗಳ ಹಿಂದೆ ಏನೇನು ಅಡಗಿದೆ ಎಂಬುದು ಇಲ್ಲಿನ ಮನೆ ಮನೆಗೂ ಗೊತ್ತು. ಆದ್ದರಿಂದ ಈ ಪ್ರಶ್ನೆಯನ್ನು ದೇಶಭಕ್ತಿಯ ಪ್ರಶ್ನೆಯಾಗಿ ಮಾತ್ರವಲ್ಲ, ದುಡಿಮೆಗೂ ಪೌರತ್ವಕ್ಕೂ ಇರುವ ಸಂಬಂಧದ ಪ್ರಶ್ನೆಯಾಗಿ ನೋಡುವ ಅರ್ಹತೆ ನಮಗೆ ಇದೆ.

ಹೊರಡುವುದು ಏಕೆ?

ಕೀನ್ಯಾದ ರಿಫ್ಟ್ ಕಣಿವೆಯ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 2400 ಮೀಟರ್ ಎತ್ತರದಲ್ಲಿ ಇಟೆನ್ ಎಂಬ ಸಣ್ಣ ಪಟ್ಟಣವಿದೆ. ಈ ಪಟ್ಟಣದಿಂದಲೂ ಸುತ್ತಲಿನ ಎಲ್ಡೊರೆಟ್ ಸೀಮೆಯಿಂದಲೂ ಬಂದಷ್ಟು ದೂರದ ಓಟಗಾರರು ಜಗತ್ತಿನ ಬೇರಾವ ಮೂಲೆಯಿಂದಲೂ ಬಂದಿಲ್ಲವೆಂದರೆ ಅತಿಶಯೋಕ್ತಿಯಾಗದು. ಎತ್ತರದ ತೆಳುಗಾಳಿ, ಬಾಲ್ಯದಿಂದಲೇ ನಡೆದು ಓಡಿ ಬೆಳೆದ ಮೈ, ಓಟದಿಂದ ಮನೆ ಕಟ್ಟಿದವರನ್ನು ಕಣ್ಣಾರೆ ಕಂಡ ಹುಡುಗರ ಛಲ - ಕಾರಣಗಳು ಹಲವು. ಪುರುಷರ ಸ್ಟೀಪಲ್‌ಚೇಸ್‌ನಲ್ಲಿ 1968ರಿಂದ 2016ರ ವರೆಗೆ ತಾನು ಭಾಗವಹಿಸಿದ ಪ್ರತಿಯೊಂದು ಒಲಿಂಪಿಕ್ಸ್‌ನಲ್ಲಿಯೂ ಕೀನ್ಯಾ ಚಿನ್ನ ಗೆದ್ದಿತು. 1976 ಮತ್ತು 1980ರಲ್ಲಿ ಬಹಿಷ್ಕಾರದಿಂದಾಗಿ ಅದು ಕಣದಲ್ಲೇ ಇರಲಿಲ್ಲ.

ಸಮಸ್ಯೆ ಹುಟ್ಟುವುದು ಈ ಸಮೃದ್ಧಿಯಿಂದಲೇ. ಒಲಿಂಪಿಕ್ಸ್‌ನ ಒಂದು ಓಟಕ್ಕೆ ಒಂದು ದೇಶ ಕಳುಹಿಸಬಹುದಾದವರು ಹೆಚ್ಚೆಂದರೆ ಮೂವರು. ನಮ್ಮ ಉಪಜಿಲ್ಲಾ ಶಾಲಾ ಕ್ರೀಡಾಕೂಟಗಳನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಬಲಿಷ್ಠ ಶಾಲೆಯ ನಾಲ್ಕನೆಯ ಹುಡುಗ ಪಕ್ಕದ ಶಾಲೆಯ ಮೊದಲನೆಯವನಿಗಿಂತ ವೇಗವಾಗಿ ಓಡಿದರೂ ತಂಡದಲ್ಲಿ ಸ್ಥಾನವಿಲ್ಲದೆ ಮನೆಯಲ್ಲಿ ಉಳಿಯುತ್ತಾನೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಸ್ಟೀಪಲ್‌ಚೇಸ್‌ನ ಮೂರೂ ಪದಕಗಳನ್ನು ಗೆದ್ದವರು ಕೀನ್ಯಾದವರು - ಎಜೆಕಿಯಲ್ ಕೆಂಬೊಯಿ, ಬ್ರಿಮಿನ್ ಕಿಪ್ರುಟೊ, ಪಾಲ್ ಕಿಪ್ಸಿಯೆಲೆ ಕೋಯೆಚ್. ಇಂಥ ದೇಶದಲ್ಲಿ ನಾಲ್ಕನೆಯವನಾಗಿ ಹುಟ್ಟುವುದೇ ಒಂದು ದುರದೃಷ್ಟ. ಓಟಗಾರನ ಬಾಳು ಹತ್ತು ಹನ್ನೆರಡು ವರ್ಷಗಳದು. ಸ್ನಾಯು ಒಂದು ಸಲ ಹರಿದರೆ ಅದೂ ಇಲ್ಲ. ಪೊಲೀಸ್ ಅಥವಾ ಸೈನ್ಯದಲ್ಲಿ ಕೆಲಸ ಸಿಕ್ಕಿದವರು ಹೇಗೋ ನಿಲ್ಲುತ್ತಾರೆ. ಸಿಗದವರು ದಾರಿ ಹುಡುಕುತ್ತಾರೆ.

ತಾಯ್ನಾಡಿನ ಕ್ರೀಡಾಡಳಿತವೂ ಇದರಲ್ಲಿ ನಿರಪರಾಧಿಯಲ್ಲ. 2015ರ ನವೆಂಬರಿನಲ್ಲಿ ಕೀನ್ಯಾ ಅಥ್ಲೆಟಿಕ್ಸ್ ಸಂಸ್ಥೆಯ ಮೂವರು ಹಿರಿಯ ಪದಾಧಿಕಾರಿಗಳನ್ನು ಅಂತಾರಾಷ್ಟ್ರೀಯ ಸಂಸ್ಥೆಯೇ ಅಮಾನತಿನಲ್ಲಿಟ್ಟಿತು. ಪ್ರಾಯೋಜಕರು ಕೊಟ್ಟ ಹಣ ಬೇರೆಡೆಗೆ ಹರಿಯಿತೆಂಬುದು ಆಗ ಕೇಳಿಬಂದ ಆರೋಪಗಳಲ್ಲಿ ಒಂದಾಗಿತ್ತು. ಓಟಗಾರರಿಗೆ ಸಲ್ಲಬೇಕಾದುದು ಸಲ್ಲದ ಸಂಶಯವಿರುವ ಕಡೆ ನಿಷ್ಠೆಯ ಉಪದೇಶಕ್ಕೆ ಬೆಲೆ ಕಡಿಮೆ.

ಚೆರೋನೊ ಷಾಹೀನ್ ಆದ ಕಥೆ

ಈ ವ್ಯವಹಾರವನ್ನು ಜಗತ್ತು ಬಿಚ್ಚುಗಣ್ಣಿನಿಂದ ನೋಡಿದ್ದು 2003ರಲ್ಲಿ. ಹಿಂದಿನ ವರ್ಷ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕೀನ್ಯಾಕ್ಕಾಗಿ ಚಿನ್ನ ಗೆದ್ದಿದ್ದ ಸ್ಟೀಫನ್ ಚೆರೋನೊ ಎಂಬ ಯುವಕ 2003ರ ಆಗಸ್ಟಿನಲ್ಲಿ ಕತಾರಿನ ಪ್ರಜೆಯಾದರು. ಸೈಫ್ ಸಯೀದ್ ಷಾಹೀನ್ ಎಂಬ ಹೊಸ ಹೆಸರನ್ನೂ ಪಡೆದರು. ತಿಂಗಳು ಮುಗಿಯುವುದರೊಳಗೆ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೀನ್ಯಾದ ಕೆಂಬೊಯಿಯನ್ನು ಹಿಂದಿಕ್ಕಿ ಕತಾರಿಗೆ ಚಿನ್ನ ತಂದರು. ಅವರ ಅಣ್ಣ ಕ್ರಿಸ್ಟೋಫರ್ ಕೊಸ್ಕೆ 1999ರಲ್ಲಿ ಇದೇ ಓಟದಲ್ಲಿ ಕೀನ್ಯಾಕ್ಕಾಗಿ ವಿಶ್ವ ಚಾಂಪಿಯನ್ ಆಗಿದ್ದವರು. ಒಂದೇ ಮನೆಯಿಂದ ಎರಡು ದೇಶಗಳಿಗೆ ಚಿನ್ನ! ಜೀವನಪರ್ಯಂತ ತಿಂಗಳಿಗೆ 1000 ಡಾಲರುಗಳ ಭರವಸೆ ದೊರೆತಿದೆಯೆಂದು ಆಗಿನ ಪತ್ರಿಕೆಗಳು ವರದಿ ಮಾಡಿದ್ದವು.

ಕೀನ್ಯಾ ಸುಮ್ಮನಿರಲಿಲ್ಲ. ದೇಶ ಬದಲಿಸಿದವರು ಮೂರು ವರ್ಷ ಕಾಯದೆ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಬೇಕಾದರೆ ಹಳೆಯ ದೇಶದ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಕೀನ್ಯಾ ಕೊಡಲಿಲ್ಲ. ಅಥೆನ್ಸ್‌ನಲ್ಲಿ ಕೀನ್ಯಾದ ಮೂವರು ಪದಕಪೀಠ ಏರಿದಾಗ ಷಾಹೀನ್ ಹೊರಗಿದ್ದರು. ಅದಾಗಿ ಹತ್ತೇ ದಿನಗಳಲ್ಲಿ, 2004ರ ಸೆಪ್ಟೆಂಬರ್ 3ರಂದು, ಬ್ರಸೆಲ್ಸ್‌ನಲ್ಲಿ 7 ನಿಮಿಷ 53.63 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಬರೆದರು. 2023ರ ಜೂನ್‌ನಲ್ಲಿ ಇಥಿಯೋಪಿಯದ ಲಮೇಚಾ ಗಿರ್ಮಾ 7 ನಿಮಿಷ 52.11 ಸೆಕೆಂಡುಗಳಲ್ಲಿ ಓಡುವ ತನಕ, ಸುಮಾರು 19 ವರ್ಷ, ಆ ದಾಖಲೆಯನ್ನು ಯಾರೂ ಮುಟ್ಟಲಿಲ್ಲ. ಆದರೆ ಜಗತ್ತಿನ ಅತಿವೇಗದ ಸ್ಟೀಪಲ್‌ಚೇಸ್ ಓಟಗಾರ ಒಲಿಂಪಿಕ್ಸ್‌ನಲ್ಲಿ ಒಂದು ಸಲವೂ ಓಡಲಿಲ್ಲ. 2008ರ ಹೊತ್ತಿಗೆ ಗಾಯಗಳು ಅವರನ್ನು ಹಿಂದಕ್ಕೆ ಎಳೆದಿದ್ದವು. ಈ ಬೆಲೆಯನ್ನು ಯಾವ ಮಾಸಾಶನದಿಂದ ತುಂಬಿಕೊಡಲಾದೀತು?

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು

ದೇಶ ಬದಲಿಸಿದವರೆಲ್ಲರೂ ಹೀಗೆ ಹರಾಜಿನಲ್ಲಿ ಹೋದವರಲ್ಲ. 800 ಮೀಟರ್ ಓಟದ ವಿಲ್ಸನ್ ಕಿಪ್ಕೆಟರ್ 1990ರಲ್ಲಿ ವಿದ್ಯಾರ್ಥಿಯಾಗಿ ಡೆನ್ಮಾರ್ಕಿಗೆ ಹೋದವರು. ಅಲ್ಲೇ ಓದಿ ಅಲ್ಲೇ ನೆಲೆಸಿದರು. 1995, 1997, 1999ರಲ್ಲಿ ಡೆನ್ಮಾರ್ಕಿಗಾಗಿ ವಿಶ್ವ ಚಾಂಪಿಯನ್ ಆದರು. ಆದರೂ ಪೌರತ್ವದ ಕಾಗದ ಕೈಗೆ ಬಾರದಿದ್ದ ಕಾರಣಕ್ಕೆ 1996ರ ಅಟ್ಲಾಂಟಾ ಒಲಿಂಪಿಕ್ಸ್ ಅವರ ಪಾಲಿಗೆ ಇಲ್ಲವಾಯಿತು. ಅದಾದ ಮರುವರ್ಷವೇ ವಿಶ್ವದಾಖಲೆ ಮುರಿದರು.

ಸಿಫಾನ್ ಹಸನ್ 2008ರಲ್ಲಿ, ಇನ್ನೂ 15ರ ಹುಡುಗಿಯಾಗಿದ್ದಾಗ, ಇಥಿಯೋಪಿಯದಿಂದ ನೆದರ್ಲೆಂಡ್ಸಿಗೆ ಆಶ್ರಯ ಬೇಡಿ ಬಂದವರು. 2024ರಲ್ಲಿ ಪ್ಯಾರಿಸ್‌ನ ಮ್ಯಾರಥಾನ್ ಗೆದ್ದದ್ದು ಆ ದೇಶವೇ ಬೆಳೆಸಿದ ಮಗಳಾಗಿ. ಬ್ರಿಟನ್ನಿನ ಮೋ ಫರಾ ಬಾಲಕನಾಗಿದ್ದಾಗ ಬೇರೊಬ್ಬರ ಹೆಸರಿನಲ್ಲಿ ತನ್ನನ್ನು ಅಕ್ರಮವಾಗಿ ಸಾಗಿಸಿ ತರಲಾಗಿತ್ತೆಂದು 2022ರಲ್ಲಿ ತಾವೇ ಬಹಿರಂಗಪಡಿಸಿದರು. ಇವರನ್ನು ಬಾಡಿಗೆ ಓಟಗಾರರೆನ್ನಲು ಯಾರಿಗೂ ಬಾಯಿ ಬಾರದು.

ಇನ್ನು ಬರ್ನಾರ್ಡ್ ಲಗಾಟ್ ಅವರ ಪ್ರಕರಣ. 2004ರ ಮೇ ತಿಂಗಳಲ್ಲಿ ಅಮೆರಿಕದ ಪೌರರಾದ ಇವರು ಅದೇ ಆಗಸ್ಟಿನಲ್ಲಿ ಅಥೆನ್ಸ್‌ನಲ್ಲಿ ಕೀನ್ಯಾಕ್ಕಾಗಿ ಓಡಿ 1500 ಮೀಟರಿನಲ್ಲಿ ಬೆಳ್ಳಿ ಗೆದ್ದರು. ಆಗ ಕೀನ್ಯಾದ ಕಾನೂನಿನಲ್ಲಿ ಇಬ್ಬಗೆಯ ಪೌರತ್ವಕ್ಕೆ ಅವಕಾಶವಿರಲಿಲ್ಲ. 2007ರಲ್ಲಿ ಒಸಾಕಾದಲ್ಲಿ 1500 ಮತ್ತು 5000 ಮೀಟರ್ ಎರಡನ್ನೂ ಅಮೆರಿಕಕ್ಕಾಗಿ ಗೆದ್ದರು. 2010ರ ಹೊಸ ಸಂವಿಧಾನ ಬಂದ ಮೇಲೆ ಕೀನ್ಯಾ ತನ್ನವರಿಗೆ ಎರಡು ದೇಶಗಳ ಪೌರತ್ವ ಹೊಂದಲು ಅನುಮತಿ ನೀಡಿತು. ಆರು ವರ್ಷ ಹಿಂದೆ ತಪ್ಪಾಗಿದ್ದುದು ಆರು ವರ್ಷದ ಬಳಿಕ ಹಕ್ಕಾಯಿತು. ನಿಷ್ಠೆಯ ಗೆರೆಯನ್ನು ಕಾನೂನು ಎಳೆಯುತ್ತದೆ, ಮತ್ತೆ ಕಾನೂನೇ ಅಳಿಸುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ನಮ್ಮ ಅಂಗಳದಲ್ಲಿ ಬಿದ್ದ ನೆರಳು

ಇದು ಎಲ್ಲೋ ದೂರದ ಸಂಗತಿಯೆಂದು ಭಾವಿಸಬೇಕಿಲ್ಲ. ಏಷ್ಯಾ ಕ್ರೀಡಾಕೂಟಗಳಲ್ಲಿ ಇದರ ಪೆಟ್ಟು ನೇರವಾಗಿ ಬೀಳುವುದು ಭಾರತದ ಓಟಗಾರರ ಮೇಲೆ. 2014ರ ಇಂಚಿಯೋನ್ ಕೂಟದಲ್ಲಿ ನಮ್ಮ ವಯನಾಡಿನ ಓ.ಪಿ. ಜೈಷಾ 1500 ಮೀಟರಿನಲ್ಲಿ ಕಂಚು ಪಡೆದರು. ಮುಂದಿದ್ದ ಮರಿಯಂ ಯೂಸುಫ್ ಜಮಾಲ್ ಮತ್ತು ಮಿಮಿ ಬೆಲೆಟೆ ಇಬ್ಬರೂ ಇಥಿಯೋಪಿಯದಲ್ಲಿ ಹುಟ್ಟಿ ಬಹ್ರೈನಿಗಾಗಿ ಓಡಿದವರು. ಅದೇ ಕೂಟದ ಸ್ಟೀಪಲ್‌ಚೇಸ್‌ನಲ್ಲಿ ಕೀನ್ಯಾ ಮೂಲದ ರುತ್ ಜೆಬೆಟ್ ಬಹ್ರೈನಿಗೆ ಚಿನ್ನ ತಂದರು. ಲಲಿತಾ ಬಾಬರ್ ಕಂಚಿಗೆ ನಿಂತರು, 2010ರಲ್ಲಿ ಚಿನ್ನ ಗೆದ್ದಿದ್ದ ಸುಧಾ ಸಿಂಗ್ ನಾಲ್ಕನೆಯವರಾದರು. 2018ರಲ್ಲಿ ಜಕಾರ್ತದಲ್ಲಿ ಯಾವಿ ಚಿನ್ನ, ಸುಧಾ ಸಿಂಗ್ ಬೆಳ್ಳಿ. 2023ರಲ್ಲಿ ಹಾಂಗ್‌ಝೌನಲ್ಲಿ ಮತ್ತೆ ಯಾವಿ ಚಿನ್ನ, ಪಾರುಲ್ ಚೌಧರಿ ಬೆಳ್ಳಿ, ಪ್ರೀತಿ ಲಾಂಬಾ ಕಂಚು. ಪುರುಷರ 10,000 ಮೀಟರಿನಲ್ಲಿ ಇಥಿಯೋಪಿಯ ಮೂಲದ ಬಿರ್ಹಾನು ಬಲೆವ್ ಬಹ್ರೈನಿಗಾಗಿ ಗೆದ್ದಾಗ ಬೆಳ್ಳಿ, ಕಂಚುಗಳು ಕಾರ್ತಿಕ್ ಕುಮಾರ್ ಮತ್ತು ಗುಲ್‌ವೀರ್ ಸಿಂಗ್ ಅವರ ಪಾಲಾದವು.

ಪದಕದ ಬಣ್ಣ ಬದಲಾದರೆ ಏನಾಯಿತು ಎಂದು ಕೇಳಬಹುದು. ನಮ್ಮಲ್ಲಿ ಸರ್ಕಾರಿ ನೌಕರಿ, ಬಡ್ತಿ, ನಗದು ಬಹುಮಾನ, ಪ್ರಶಸ್ತಿ ಎಲ್ಲವೂ ಬಣ್ಣವನ್ನೇ ನೋಡಿ ನಿರ್ಧಾರವಾಗುತ್ತವೆ. ಬಡ ಮನೆಯ ಹುಡುಗಿಗೆ ಚಿನ್ನಕ್ಕೂ ಬೆಳ್ಳಿಗೂ ನಡುವಿನ ಅಂತರ ಬದುಕಿನ ಅಂತರವೇ ಆದೀತು. ಹಾಗೆಂದು ಇದನ್ನೇ ನೆಪಮಾಡಿಕೊಂಡು ಕೂರುವುದೂ ಸಲ್ಲದು. 2010ರ ಗುವಾಂಗ್‌ಝೌ ಕೂಟದಲ್ಲಿ ಇಡುಕ್ಕಿಯ ಪ್ರೀಜಾ ಶ್ರೀಧರನ್ 5000 ಮೀಟರಿನಲ್ಲಿ ಬೆಲೆಟೆಯ ಹಿಂದೆ ಎರಡನೆಯವರಾದರೂ 10,000 ಮೀಟರಿನಲ್ಲಿ ಚಿನ್ನವನ್ನೇ ಗೆದ್ದರು. ಗೆಲ್ಲಲು ಅಸಾಧ್ಯವೇನೂ ಅಲ್ಲ.

ಇಪ್ಪತ್ತೈದು ವರ್ಷವೂ ಕೆಲವು ವಾರವೂ

ನಮ್ಮ ಓದುಗರು ಗಮನಿಸಲೇಬೇಕಾದ ಅಂಶ ಇನ್ನೊಂದಿದೆ. ಕತಾರಿನ 2005ರ ಪೌರತ್ವ ಕಾನೂನಿನಂತೆ ಹೊರಗಿನವರು ಅಲ್ಲಿನ ಪೌರತ್ವ ಕೇಳಬೇಕಾದರೆ 25 ವರ್ಷ ಸತತವಾಗಿ ವಾಸವಿದ್ದು, ಅರಬ್ಬೀ ಬಲ್ಲವರಾಗಿ, ಸನ್ನಡತೆಯವರಾಗಿರಬೇಕು. ಬಹ್ರೈನಿನ 1963ರ ಕಾನೂನು ಅರಬ್ಬರಿಗೆ 15 ವರ್ಷ, ಇತರರಿಗೆ 25 ವರ್ಷ ಎಂದು ವಿಧಿಸುತ್ತದೆ. ಇಷ್ಟಾದರೂ ಪೌರತ್ವ ಕೊಡಲೇಬೇಕೆಂಬ ಕಟ್ಟುಪಾಡು ಸರ್ಕಾರಕ್ಕಿಲ್ಲ. ಆದರೆ ಆಳುವವರು ಮನಸ್ಸು ಮಾಡಿದರೆ ಯಾರಿಗೆ ಬೇಕಾದರೂ ವಿಶೇಷವಾಗಿ ಪೌರತ್ವ ದಯಪಾಲಿಸಬಹುದು.

ಅಂದರೆ ಮೂವತ್ತು ವರ್ಷ ಅಲ್ಲಿನ ಅಂಗಡಿ ನೋಡಿಕೊಂಡವನು, ಕಟ್ಟಡ ಕಟ್ಟಿದವನು, ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆ ಮಾಡಿದವಳು ಕೆಲಸ ಮುಗಿದೊಡನೆ ಪೆಟ್ಟಿಗೆ ಕಟ್ಟಿ ಊರಿಗೆ ಹೊರಡಬೇಕು. ಒಂಬತ್ತು ನಿಮಿಷದೊಳಗೆ 3000 ಮೀಟರ್ ಓಡಬಲ್ಲವಳಿಗೆ ಮಾತ್ರ ಹದಿಹರೆಯದಲ್ಲೇ ಪಾಸ್‌ಪೋರ್ಟು ಸಿದ್ಧ. ಇಲ್ಲಿ ಪೌರತ್ವ ಸಂದದ್ದು ಮನುಷ್ಯರಿಗೋ, ಅವರ ಕಾಲುಗಳಿಗೋ? ಕಾಲುಗಳಿಗೆ ಸಂದ ಪೌರತ್ವ ಆ ಕಾಲುಗಳು ಸೋತ ದಿನ ಏನಾಗುತ್ತದೆ? ಈ ಇಡೀ ವಿವಾದದ ತಿರುಳು ಇರುವುದು ಈ ಪ್ರಶ್ನೆಯಲ್ಲಿ.

ಇದು ಬರಿಯ ಊಹೆಯ ಪ್ರಶ್ನೆಯಲ್ಲ. ಕೀನ್ಯಾದ ಲಿಯೊನಾರ್ಡ್ ಮುಚೆರು ಬಹ್ರೈನಿನ ಪ್ರಜೆಯಾಗಿ ಮುಷೀರ್ ಸಲೇಂ ಜೌಹರ್ ಎಂಬ ಹೆಸರು ಪಡೆದಿದ್ದರು. 2007ರ ಜನವರಿಯಲ್ಲಿ ಅವರು ಇಸ್ರೇಲಿಗೆ ಹೋಗಿ ತಿಬೇರಿಯಾಸ್ ಮ್ಯಾರಥಾನ್ ಗೆದ್ದರು. ಇಸ್ರೇಲಿನ ನೆಲದಲ್ಲಿ ಓಡಿದ್ದೇ ಅಪರಾಧವಾಗಿ, ಅವರ ಪೌರತ್ವವನ್ನು ರದ್ದುಪಡಿಸುವುದಾಗಿ ಬಹ್ರೈನ್ ಪ್ರಕಟಿಸಿತು. ಹಳೆಯ ದೇಶ ಬಿಟ್ಟಾಗಿತ್ತು, ಹೊಸ ದೇಶ ಬಾಗಿಲು ಮುಚ್ಚಿತು. ಒಂದು ಓಟಕ್ಕೆ ಹೋಗಿ ಗೆದ್ದು ಬಂದವನು ದೇಶವನ್ನೇ ಕಳೆದುಕೊಳ್ಳುವ ಸ್ಥಿತಿ ಇತ್ತೆಂದರೆ, ಆ ಪೌರತ್ವ ನಿಜದ ಪೌರತ್ವವೆನ್ನಲಾದೀತೆ?

ಇನ್ನೊಂದು ಕಡೆ, ಫಲಿತಾಂಶಕ್ಕಾಗಿಯೇ ತಂದವರ ಮೇಲೆ ಫಲಿತಾಂಶದ ಒತ್ತಡವೂ ಇರುತ್ತದೆ. 19ರ ಹರೆಯದಲ್ಲಿ 2016ರ ರಿಯೋ ಒಲಿಂಪಿಕ್ಸ್ ಗೆದ್ದ ಜೆಬೆಟ್ ಮುಂದೆ ಇಪಿಓ ಎಂಬ ನಿಷಿದ್ಧ ಮದ್ದಿನ ಪ್ರಕರಣದಲ್ಲಿ ಸಿಲುಕಿ ನಾಲ್ಕು ವರ್ಷ ಹೊರಗುಳಿದರು. ಅದೇ ರಿಯೋದಲ್ಲಿ ಬಹ್ರೈನಿಗಾಗಿ ಮ್ಯಾರಥಾನ್ ಬೆಳ್ಳಿ ಗೆದ್ದ ಕೀನ್ಯಾ ಮೂಲದ ಯೂನಿಸ್ ಕಿರ್ವಾ ಅವರಿಗೂ 2019ರಲ್ಲಿ ಅದೇ ಶಿಕ್ಷೆಯಾಯಿತು. ದೂರದ ಓಟವಲ್ಲದಿದ್ದರೂ ನೆರೆಯ ಮಂಗಳೂರಿನ ಎಂ.ಆರ್. ಪೂವಮ್ಮ ಅವರಿದ್ದ 2018ರ ಮಿಶ್ರ ರಿಲೇ ತಂಡದ ಬೆಳ್ಳಿ 2020ರಲ್ಲಿ ಚಿನ್ನವಾದದ್ದು ನೆನಪಿರಬಹುದು. ಬಹ್ರೈನ್ ತಂಡದಲ್ಲಿದ್ದ ನೈಜೀರಿಯ ಮೂಲದ ಕೆಮಿ ಅಡೆಕೋಯಾ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದೇ ಅದಕ್ಕೆ ಕಾರಣ. ಮದ್ದು ತಿನ್ನುವುದಕ್ಕೆ ದೇಶ ಬದಲಿಸಿದ್ದೇ ಕಾರಣವೆಂದು ಹೇಳಲಾಗದು. ಕೀನ್ಯಾದಲ್ಲೇ ಉಳಿದವರಲ್ಲೂ ಸಿಕ್ಕಿಬಿದ್ದವರು ಹಲವರಿದ್ದಾರೆ. ಆದರೆ ಬಿದ್ದ ದಿನ ಕೈಹಿಡಿದು ಎತ್ತುವ ಬಂಧುಬಳಗವಿಲ್ಲದ ದೇಶದಲ್ಲಿ ಬೀಳುವುದು ಬೇರೆಯೇ ಮಾತು.

ನಿಯಮ ಬಂತು, ಸಾಕೆ?

ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಕೊನೆಗೂ ಎಚ್ಚೆತ್ತದ್ದು 2017ರ ಫೆಬ್ರವರಿಯಲ್ಲಿ. ಹಿಂದಿನ ವರ್ಷ ಆಮ್‌ಸ್ಟರ್‌ಡಾಮ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ 5000, 10,000 ಮೀಟರ್ ಎರಡನ್ನೂ ಪುರುಷರ 10,000 ಮೀಟರನ್ನೂ ತುರ್ಕಿಗಾಗಿ ಗೆದ್ದವರು ಕೀನ್ಯಾದಲ್ಲಿ ಹುಟ್ಟಿದ ಯಾಸ್ಮಿನ್ ಜಾನ್ ಮತ್ತು ಪೊಲಾಟ್ ಕೆಂಬೊಯಿ ಅರಿಕಾನ್. ಯುರೋಪಿನ ಕೂಟದಲ್ಲೂ ಈ ಚಿತ್ರ ಕಂಡಮೇಲೆ ಸಂಸ್ಥೆ ದೇಶ ಬದಲಾವಣೆಗಳನ್ನೆಲ್ಲ ತಡೆಹಿಡಿಯಿತು. 2018ರ ಜುಲೈಯಲ್ಲಿ ಹೊಸ ನಿಯಮಗಳು ಬಂದವು. 20 ವರ್ಷ ತುಂಬುವ ಮೊದಲು ವರ್ಗಾವಣೆ ಇಲ್ಲ. ಮೂರು ವರ್ಷ ಕಾಯಬೇಕು. ಒಂದಕ್ಕಿಂತ ಹೆಚ್ಚು ಸಲ ದೇಶ ಬದಲಿಸುವಂತಿಲ್ಲ. ಹೊಸ ದೇಶ ಪೂರ್ಣ ಪೌರತ್ವವನ್ನೂ ಅದರ ಹಕ್ಕುಗಳನ್ನೂ ನೀಡುತ್ತಿದೆ ಎಂಬುದಕ್ಕೆ ಆಧಾರ ಒದಗಿಸಬೇಕು. ಅರ್ಜಿಗಳನ್ನು ಪರಿಶೀಲಿಸಲು ಪ್ರತ್ಯೇಕ ಸಮಿತಿಯೂ ನೇಮಕವಾಯಿತು.

ಇವು ಸ್ವಾಗತಾರ್ಹ ಕ್ರಮಗಳು, ಸಂಶಯವಿಲ್ಲ. ವಯಸ್ಸಿನ ಮಿತಿಯಂತೂ ಬಹಳ ಹಿಂದೆಯೇ ಬರಬೇಕಿತ್ತು. ಶಾಲೆಗೆ ಹೋಗುವ ಹುಡುಗಿಯ ಕೈಯಲ್ಲಿ ಜೀವಮಾನದ ಕರಾರಿಗೆ ಸಹಿ ಹಾಕಿಸುವುದು ಯಾವ ನ್ಯಾಯ? ಆದರೆ ವ್ಯಾಪಾರ ನಿಂತಿಲ್ಲ. 2024ರಲ್ಲಿ ಡಿಸ್ಕಸ್ ಎಸೆತದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಜಮೈಕಾದ ರೋಜೆ ಸ್ಟೋನಾ ಮೊದಲಾದವರು ತುರ್ಕಿಯತ್ತ ಹೊರಟ ಸುದ್ದಿ 2025ರಲ್ಲಿ ದೊಡ್ಡ ಸದ್ದು ಮಾಡಿತು. ಬೇಡಿಕೆ ಇರುವ ತನಕ ಕೊಡುಕೊಳ್ಳುವಿಕೆ ಇರುತ್ತದೆ.

ನಮ್ಮ ದೃಷ್ಟಿಯಲ್ಲಿ ಈಗಿನ ನಿಯಮಗಳ ಮುಖ್ಯ ಕೊರತೆಯೆಂದರೆ, ಅವು ಬಾವುಟದ ಮಾನವನ್ನು ಕಾಯುವಷ್ಟು ಓಟಗಾರನ ಬದುಕನ್ನು ಕಾಯುವುದಿಲ್ಲ. ಮೂರು ವರ್ಷ ಕಾಯಬೇಕಾದವನು ಓಟಗಾರ. ಆತನನ್ನು ಕರೆತಂದ ಸಂಸ್ಥೆಗೆ ಅದರಿಂದ ನಷ್ಟವಿಲ್ಲ. ಹತ್ತು ವರ್ಷದ ಓಟದ ಬಾಳಿನಲ್ಲಿ ಮೂರು ವರ್ಷ ಎಂದರೆ ಮೂರರಲ್ಲೊಂದು ಪಾಲು. ಆದುದರಿಂದ ಕರಾರಿನ ಪ್ರತಿಯನ್ನು ಸಮಿತಿಯ ಮುಂದೆ ಇಡುವುದು ಕಡ್ಡಾಯವಾಗಬೇಕು. ಗಾಯಗೊಂಡರೆ, ಸೋತರೆ, ನಿವೃತ್ತರಾದರೆ ಪೌರತ್ವವೂ ಜೀವನಾಧಾರವೂ ಉಳಿಯುವ ಭರವಸೆ ಅದರಲ್ಲಿರಬೇಕು. ಇಂಥ ಭರವಸೆ ನೀಡಲೊಪ್ಪದ ದೇಶಕ್ಕೆ ವರ್ಗಾವಣೆಯ ಅವಕಾಶವೇ ಇರಬಾರದು.

ಎರಡನೆಯದಾಗಿ, ಬೆಳೆಸಿದ ನೆಲಕ್ಕೂ ಪಾಲು ಸಲ್ಲಬೇಕು. ಫುಟ್‌ಬಾಲಿನಲ್ಲಿ ಹುಡುಗನೊಬ್ಬ ದೊಡ್ಡ ಕ್ಲಬ್ಬಿಗೆ ಹೋದರೆ ಆತನನ್ನು ಎಳವೆಯಲ್ಲಿ ತರಬೇತುಗೊಳಿಸಿದ ಸಣ್ಣ ಕ್ಲಬ್ಬುಗಳಿಗೆ ಪರಿಹಾರ ಕೊಡುವ ಪದ್ಧತಿ 2001ರಿಂದ ಜಾರಿಯಲ್ಲಿದೆ. ಇಟೆನ್‌ನ ಶಾಲೆಗಳಿಗೂ ಇಂಥದೊಂದು ಹಕ್ಕು ಏಕಿರಬಾರದು? ಕೀನ್ಯಾದಿಂದ ನೆದರ್ಲೆಂಡ್ಸಿಗೆ ಹೋದ ಲೋರ್ನಾ ಕಿಪ್ಲಗಾಟ್ ಇಟೆನ್‌ನಲ್ಲೇ ತರಬೇತಿ ಕೇಂದ್ರ ಕಟ್ಟಿಸಿದರು. ದೇಶ ಬಿಟ್ಟವರು ನೆಲ ಮರೆಯಬೇಕೆಂದೇನೂ ಇಲ್ಲ. ಆದರೆ ಇದು ಒಬ್ಬರ ಔದಾರ್ಯವಾಗಿ ಉಳಿಯದೆ ಎಲ್ಲರಿಗೂ ಅನ್ವಯಿಸುವ ನಿಯಮವಾಗಬೇಕು.

ಒಂದು ದೇಶಕ್ಕೆ ಮೂವರು ಎಂಬ ಮಿತಿಯನ್ನೇ ಸಡಿಲಿಸಬೇಕೆಂಬ ವಾದವೂ ಇದೆ. ಅದನ್ನು ಒಪ್ಪುವುದು ಕಷ್ಟ. ಮಿತಿ ತೆಗೆದರೆ ದೂರದ ಓಟಗಳ ಅಂತಿಮ ಸುತ್ತು ಎರಡು ಮೂರು ದೇಶಗಳ ಮನೆಯಂಗಳವಾದೀತು. ನಮ್ಮಂಥ ದೇಶಗಳ ಓಟಗಾರರಿಗೆ ಕಾಲಿಡಲೂ ಎಡೆಯಿರದು.

ದೇಶ ಬಿಟ್ಟು ಹೋದವರನ್ನು ದ್ರೋಹಿಗಳೆನ್ನುವುದು ಸುಲಭ. ದುಡಿಯಲು ಕಡಲು ದಾಟಿದವರ ಹಣದಿಂದ ಮನೆ, ಮದುವೆ, ಮಕ್ಕಳ ಓದು ನಡೆಸಿದ ನಾಡಿನಲ್ಲಿ ಆ ಮಾತು ಬಾಯಿಂದ ಹೊರಡಬಾರದು. ಕೇಳಬೇಕಾದ ಪ್ರಶ್ನೆಯನ್ನು ಕರೆಸಿಕೊಂಡವರಿಗೆ ಕೇಳೋಣ. ನೀವು ಕರೆದದ್ದು ಒಬ್ಬ ಪ್ರಜೆಯನ್ನೋ, ಒಂದು ಪದಕವನ್ನೋ? ಪ್ರಜೆಯನ್ನಾದರೆ ಓಟ ನಿಂತ ಮೇಲೂ ಆಕೆಗೆ ಮನೆ, ಮತ, ಮಾತಿನ ಹಕ್ಕು ಇರಲಿ. ಪದಕವನ್ನಾದರೆ ಅದಕ್ಕೆ ಪೌರತ್ವವೆಂಬ ದೊಡ್ಡ ಹೆಸರನ್ನು ಕೊಡಬೇಡಿ. ಕೂಲಿ ಎನ್ನಿ, ಕೂಲಿಯ ಕರಾರನ್ನಾದರೂ ನ್ಯಾಯವಾಗಿ ಬರೆಯಿರಿ.